ಎಕ್ಸ್‌ಚೇಂಜಿನವರ ಹಲಗೆ

ಮೊನ್ನೆ ನನ್ನ ಫೋನು ಚಾರ್ಜ್ ತೆಗೆದುಕೊಳ್ಳುವುದನ್ನು ನಿಲ್ಲಿಸಿಬಿಟ್ಟಿತು. ಮಂಡ್ಯದ ಪೇಟೆ ಬೀದಿಯಲ್ಲಿ ಒಂದು ರಿಪೇರಿ ಅಂಗಡಿಯಿದೆ. ಅಂಗಡಿ ಅನ್ನುವುದಕ್ಕಿಂತ ಬಾಗಿಲು ತೆಗೆದಿಟ್ಟ ಬೀರು ಅಂದರೆ ಸರಿ. ಅಂಗಡಿಯಾತ ಫೋನಿನ ಬೆನ್ನು ಬಿಚ್ಚಿ, ಕಾದ ಕಡ್ಡಿಯ ತುದಿಯನ್ನು ಸೀಸದ ತಂತಿಗೆ ಮುಟ್ಟಿಸಿದ. ಎಳೆಯಾಗಿ ಹೊಗೆ ಎದ್ದಿತು. ರಾಳ ಸುಟ್ಟ ವಾಸನೆ. ಅದು ಯಾರಿಗೂ ಇಷ್ಟವಾಗುವ ವಾಸನೆಯೇನಲ್ಲ. ನಾನು ಮಾತ್ರ ಇನ್ನೂ ಸ್ವಲ್ಪ ಬಾಗಿ ಉಸಿರೆಳೆದುಕೊಂಡೆ.

"ಅತ್ಲಾಗ್ ನಿಂತ್ಕಳಿ ಅಜ್ಜಿ, ಒಗೆ ಕಣ್ಗೋಯ್ತದೆ," ಅಂದ.

ಆಗಲೇ ಹೋಗಿತ್ತು. ಹೊಗೆಯ ಮೇಲೆ ಹಾಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಹೊಗೆಗೆ ಅಷ್ಟೆಲ್ಲ ನೀರು ಬರುವುದಿಲ್ಲ ಅನ್ನುವುದು ಅವನಿಗೂ ಗೊತ್ತಿದ್ದೀತು.

ಎಪ್ಪತ್ತರ ದಶಕದಲ್ಲಿ ನನಗೆ ಮದ್ದೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಇನ್ನೂ ಮದುವೆಯಾಗಿರಲಿಲ್ಲ. ಒಂಟಿ ಹೆಣ್ಣಿಗೆ ಮನೆ ಕೊಡುವವರು ಯಾರು? ಊರೆಲ್ಲ ಸುತ್ತಿದ ಮೇಲೆ ಒಬ್ಬರು ತಮ್ಮ ಮನೆಯ ಪಕ್ಕದ ಕೋಣೆ ಬಿಟ್ಟುಕೊಟ್ಟರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸದಲ್ಲಿದ್ದವರು. ಊರಿನವರು ಅವರನ್ನು ಎಕ್ಸ್‌ಚೇಂಜಿನವರು ಎಂದೇ ಕರೆಯುತ್ತಿದ್ದರು. ಅವರ ಹೆಂಡತಿಯನ್ನು ನಾನು ಮೊದಲ ದಿನವೇ ಅಕ್ಕ ಅಂದೆ, ಹಾಗಾಗಿ ಅವರು ನನಗೆ ಭಾವ ಆದರು. ಮಕ್ಕಳಿರಲಿಲ್ಲ. ಅದರ ಬಗ್ಗೆ ಬೀದಿಯವರು ಆಡಿಕೊಳ್ಳುತ್ತಿದ್ದಷ್ಟು ಅವರಿಬ್ಬರು ಆಡಿದ್ದನ್ನು ನಾನು ಕೇಳಲಿಲ್ಲ.

ಭಾವನಿಗೆ ಒಂದು ಹುಚ್ಚಿತ್ತು. ಬೆಂಗಳೂರಿಗೆ ಹೋದಾಗಲೆಲ್ಲ ಫುಟ್‌ಪಾತಿನಲ್ಲಿ ಹಳೇ ಇಂಗ್ಲಿಷ್ ಪತ್ರಿಕೆಗಳನ್ನು ಕೊಂಡು ತರುತ್ತಿದ್ದರು. ಅವುಗಳಲ್ಲಿ ಕಂಪ್ಯೂಟರ್ ಎಂಬ ಯಂತ್ರದ ವಿಚಾರ ಓದಿ ಓದಿ, ಅಂಥದ್ದೊಂದನ್ನು ತಮ್ಮ ಕೈಯಲ್ಲೇ ಮಾಡಬೇಕು ಅನ್ನುವುದು ತಲೆಗೆ ಹತ್ತಿತ್ತು. ಕಂಪ್ಯೂಟರನ್ನು ಮದ್ದೂರಿನಲ್ಲಿ ಯಾರೂ ಕಣ್ಣಲ್ಲಿ ಕಂಡಿರಲಿಲ್ಲ, ಅವರೂ ಕಂಡಿರಲಿಲ್ಲ. ಅದು ಅವರಿಗೆ ಅಡ್ಡಿಯಾಗಲೂ ಇಲ್ಲ. ಗುಜರಿಗೆ ಬಿದ್ದ ಟೆಲಿಫೋನ್ ಸಾಮಾನು, ಟಾರ್ಚಿನ ಪುಟ್ಟ ಬಲ್ಬು, ಸ್ವಿಚ್ಚು, ಲಾರಿಯ ಹಳೇ ಬ್ಯಾಟರಿ ಎಲ್ಲ ಸೇರಿ ಹಿಂದಿನ ಕೋಣೆಯನ್ನು ಆಕ್ರಮಿಸಿಕೊಂಡಿದ್ದವು. ಮನೆಯ ಕರೆಂಟನ್ನು ಅವರು ನಂಬುತ್ತಿರಲಿಲ್ಲ. "ಶಿಂಷಾದಲ್ಲಿ ಹುಟ್ಟಿ ಇಲ್ಲಿಗೆ ಬರೋಷ್ಟರಲ್ಲಿ ಸುಸ್ತಾಗಿರುತ್ತೆ ಮಿಸ್ಸೇ," ಅನ್ನುತ್ತಿದ್ದರು. ಸಂಜೆ ಕೆಲಸದಿಂದ ಬಂದು ಕಾಫಿ ಕುಡಿದು ಆ ಕೋಣೆಗೆ ಹೊಕ್ಕರೆಂದರೆ ರಾಳದ ಹೊಗೆ ನನ್ನ ಕೋಣೆಯವರೆಗೂ ಬರುತ್ತಿತ್ತು.

ನಾನು ನೋಡಿದ ಅವರ ಮೊದಲ ಯಂತ್ರ ಒಂದು ಹಲಗೆ. ಅದರ ಮೇಲೆ ಬದನೆ, ಹೀರೆ, ಕುಂಬಳ, ಮೂಲಂಗಿ ಎಂದು ತರಕಾರಿಗಳ ಹೆಸರು, ಒಂದೊಂದರ ಮೇಲೂ ಒಂದು ಬಲ್ಬು. ನಾವು ಮನಸ್ಸಿನಲ್ಲಿ ಒಂದು ತರಕಾರಿ ನೆನೆಯಬೇಕು. ಬಳ್ಳಿಯಲ್ಲಿ ಬಿಡುತ್ತದೆಯೇ, ನೆಲದೊಳಗೆ ಬೆಳೆಯುತ್ತದೆಯೇ ಎಂಬಂಥ ಪ್ರಶ್ನೆಗಳನ್ನು ಕೆಳಗೆ ಬರೆದಿದ್ದರು, ಅವಕ್ಕೆ ಸ್ವಿಚ್ಚು ಒತ್ತಿ ಹೌದು, ಇಲ್ಲ ಎಂದು ಉತ್ತರ ಕೊಡಬೇಕು. ಕೊನೆಗೆ ನಾವು ನೆನೆದ ತರಕಾರಿಯ ಬಲ್ಬು ಹೊತ್ತಿಕೊಳ್ಳುತ್ತಿತ್ತು. ಬೀದಿಯವರೆಲ್ಲ ಬಂದು ಆಡಿ, ಬೆರಗಾಗಿ, ಮಂತ್ರವೋ ತಂತ್ರವೋ ಅಂತ ಕೇಳಿ ಹೋಗುತ್ತಿದ್ದರು. ಬೆರಗಾಗದೆ ಇದ್ದವರು ಅಕ್ಕ ಒಬ್ಬರೇ. ಒಂದು ದಿನ ಗೋರಿಕಾಯಿ ನೆನೆದುಕೊಂಡು ಸ್ವಿಚ್ಚೆಲ್ಲ ಒತ್ತಿದರು. ಯಂತ್ರ ಬೆಂಡೆ ಅಂದಿತು.

"ನಿಮ್ ಕಂಪೂಟ್ರು ಯಾವತ್ತೂ ಸಂತೆಗೋಗಿಲ್ಲ," ಅಂದರು ಅಕ್ಕ, "ಅದ್ಕೇನ್ ಗೊತ್ತು ಗೋರಿಕಾಯಿ?"

ಮಾರನೆಯ ದಿನ ಹಲಗೆಯಲ್ಲಿ ಗೋರಿಕಾಯಿಗೂ ಒಂದು ಬಲ್ಬು ಬಂತು.

ಅಕ್ಕ ಹೇಳಿದ್ದಕ್ಕೆ ಇನ್ನೊಂದು ಬದಲಾವಣೆಯೂ ಆಯಿತು. ಪತ್ರಿಕೆಯ ಚಿತ್ರದಲ್ಲಿದ್ದಂತೆ ಭಾವ ಸ್ವಿಚ್ಚುಗಳನ್ನು ಮೇಲಕ್ಕೆ ಎತ್ತಿದರೆ ಹೌದು ಎಂದು ಜೋಡಿಸಿದ್ದರು. ಗೋಡೆಯ ಮೇಲಿನ ಸ್ವಿಚ್ಚು ಕೆಳಕ್ಕೆ ಒತ್ತಿದರೆ ದೀಪ ಹತ್ತುವಾಗ ಇದೇನು ತಿರುಗುಮುರುಗು ಎಂದು ಅಕ್ಕ ರೇಗಿದರು. ಭಾವ ಕೂತು ಎಲ್ಲವನ್ನೂ ತಲೆಕೆಳಗು ಮಾಡಿದರು. "ಯಂತ್ರ ಹೆಂಗೋ ಆಗೋಗುತ್ತೆ ಮಿಸ್ಸೇ," ಅಂದರು ನನಗೆ, "ಅದರ ಮುಂದೆ ಕೂತೋರ ಕೈ ಯಾವ ಕಡೆ ಹೋಗುತ್ತೆ ಅನ್ನೋದು ಗೊತ್ತಾಗಬೇಕಲ್ಲ, ಅದೇ ತಲೆನೋವು." ಆಗ ನಾನು ನಕ್ಕಿದ್ದೆ.

ಅಕ್ಕನ ಮಾತು ಅಂದರೆ ಮಾತು. ಬೆಳಿಗ್ಗೆ ಬಚ್ಚಲ ಒಲೆಯ ಮುಂದಿನಿಂದ "ಏನೂಂದ್ರೆ, ನೀರ್ ಕಾದದೆ" ಎಂದು ಶುರುವಾದರೆ ರಾತ್ರಿ ಚಿಲಕ ಹಾಕುವವರೆಗೂ ಏನೂಂದ್ರೆ, ಏನೂಂದ್ರೆ. ಗೋಡೆಯ ಈಚೆ ಕೂತು ಪಾಠದ ತಯಾರಿ ಮಾಡುತ್ತಿದ್ದ ನನಗೆ ಅದು ಗಡಿಯಾರದ ಸದ್ದಿನಂತೆ ಅಭ್ಯಾಸವಾಗಿತ್ತು. ನನ್ನನ್ನು ಅವರು ಮೇಷ್ಟ್ರಮ್ಮ ಅನ್ನುತ್ತಿದ್ದರು. ಬಿಸಿ ಮುದ್ದೆ ಇಟ್ಟುಕೊಂಡು, "ಬಾ ಮೇಷ್ಟ್ರಮ್ಮ, ಒಂದ್ ತುತ್ತು ನುಂಗು, ಒಣ್ಗಿ ಕಡ್ಡಿ ಆಗಿದ್ದೀಯ," ಎಂದು ಎಳೆದು ಕೂರಿಸುತ್ತಿದ್ದರು. ಎರಡನೆಯ ಮುದ್ದೆ ಬೇಡ ಅನ್ನುವ ಹಕ್ಕು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಒಂದು ಬೆಳಿಗ್ಗೆ ಆ ಏನೂಂದ್ರೆ ಬರಲಿಲ್ಲ. ಚೊಂಬು ಬಿದ್ದು ಉರುಳಿದ ಸದ್ದು ಬಂತು...

ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು, ನಾಲಗೆ ಕಟ್ಟಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಕೆಲವು ವಾರ ಇಟ್ಟುಕೊಂಡು ಕಳಿಸಿದರು. ಬುದ್ಧಿಗೇನೂ ಆಗಿಲ್ಲ, ಕೇಳಿದ್ದೆಲ್ಲ ತಿಳಿಯುತ್ತದೆ, ಓದಿದ್ದೂ ತಿಳಿಯುತ್ತದೆ, ಮಾತು ಮಾತ್ರ ಬಂದರೆ ಬಂತು, ಬರದಿದ್ದರೆ ಇಲ್ಲ ಎಂದರು ಡಾಕ್ಟರು. ಬರಲಿಲ್ಲ. ಎಡಗೈಯ ಬೆರಳುಗಳು ಅಲ್ಪಸ್ವಲ್ಪ ಆಡುತ್ತಿದ್ದವು. ಹೌದು ಅನ್ನಬೇಕಾದರೆ ತೋರುಬೆರಳಿನಿಂದ ಹಾಸಿಗೆಯನ್ನು ತಟ್ಟುತ್ತಿದ್ದರು. ಇಲ್ಲ ಅನ್ನಬೇಕಾದರೆ ಬೆರಳು ಸುಮ್ಮನಿರುತ್ತಿತ್ತು.

ಅಲ್ಲಿಂದ ನಮ್ಮದು ಕೇಳುವ ಕೆಲಸ. ನೀರಾ? ಅಲ್ಲ. ಕಾಫಿಯಾ? ಅಲ್ಲ. ಹೊರಳಿಸಿ ಮಲಗಿಸಬೇಕಾ? ಅಲ್ಲ. ಕೇಳುವವರಿಗೆ ಎಷ್ಟು ತಾಳ್ಮೆ ಇದ್ದೀತು? ನೋಡಲು ಬಂದವರು ನಾಲ್ಕು ಪ್ರಶ್ನೆ ಕೇಳಿ, ಐದನೆಯದಕ್ಕೆ "ಪಾಪ" ಅಂದು ಎದ್ದು ಹೋಗುತ್ತಿದ್ದರು. ಒಂದು ಭಾನುವಾರ ಅಕ್ಕ ಕಣ್ಣಲ್ಲಿ ನೀರಿಳಿಸುತ್ತ ನಮ್ಮಿಬ್ಬರ ಮುಖವನ್ನೇ ನೋಡುತ್ತಿದ್ದರು. ಭಾವ ಕೇಳಿದರು, ನಾನು ಕೇಳಿದೆ, ಮನೆಯಲ್ಲಿ ಇದ್ದಬದ್ದ ಸಾಮಾನಿನ ಹೆಸರನ್ನೆಲ್ಲ ಹೇಳಿದೆವು. ಬೆರಳು ಅಲುಗಲಿಲ್ಲ. ಮಧ್ಯಾಹ್ನ ಹಾಸಿಗೆ ಬದಲಿಸಲು ಎತ್ತಿದಾಗ ನೋಡುತ್ತೇವೆ, ಬಲಗಾಲಿನ ಪಕ್ಕದಿಂದ ಸೊಂಟದವರೆಗೆ ಕೆಂಜಿಗ ಮುತ್ತಿಕೊಂಡಿದೆ. ಇರುವೆಯಾ ಎಂದು ಕೇಳಲು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಭಾವ ಒಂದೊಂದನ್ನೇ ಬಿಡಿಸಿ ತೆಗೆದರು, ಕೊಬ್ಬರಿ ಎಣ್ಣೆ ಹಚ್ಚಿದರು. ಆ ದಿನ ಅವರು ಊಟ ಮಾಡಲಿಲ್ಲ. ಸಂಜೆ ತರಕಾರಿ ಹಲಗೆಯನ್ನು ಬಿಚ್ಚಿ ಬಲ್ಬುಗಳನ್ನೆಲ್ಲ ಕಿತ್ತು ಗುಡ್ಡೆ ಹಾಕಿದರು.

ಹೊಸ ಹಲಗೆ ಮಾಡಲು ಅವರಿಗೆ ತಿಂಗಳುಗಳೇ ಹಿಡಿದವು. ಅಕ್ಕನ ಮಂಚದ ಎದುರಿನ ಗೋಡೆಗೆ ಅದನ್ನು ನಿಲ್ಲಿಸಿದರು. ಹಲಗೆಯ ಮೇಲೆ ಸಾಲಾಗಿ ಬಲ್ಬುಗಳು, ಪ್ರತಿ ಬಲ್ಬಿನ ಕೆಳಗೆ ಬಿಳಿ ಪಟ್ಟಿಯಲ್ಲಿ ದಪ್ಪ ಅಕ್ಷರದ ಒಂದು ಮಾತು. ನೀರು, ಕಾಫಿ, ಊಟ, ನೋವು, ಹೊರಕ್ಕೆ, ಹೊದಿಕೆ, ಕಿಟಕಿ, ಮೇಷ್ಟ್ರಮ್ಮ, ಸಾಕು. ಇರುವೆ ಎಂದೂ ಒಂದಿತ್ತು. ಹಲಗೆಯ ಹಿಂದೆ ಹಳೇ ಗೋಡೆ ಗಡಿಯಾರದ ಯಂತ್ರ ಕೂರಿಸಿದ್ದರು. ಅದು ತಿರುಗಿದಂತೆ ಬಲ್ಬುಗಳು ಒಂದಾದ ಮೇಲೊಂದು ಹತ್ತಿ ಆರುತ್ತ ಹೋಗುತ್ತಿದ್ದವು. ಬೇಕಾದ ಮಾತಿನ ಮೇಲೆ ಬೆಳಕು ಬಂದಾಗ ಅಕ್ಕ ಎಡಗೈ ಕೆಳಗಿಟ್ಟ ಗುಂಡಿ ಒತ್ತಿದರೆ ಸಾಕು, ಬೆಳಕು ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಗಂಟೆ ಬಾರಿಸುತ್ತಿತ್ತು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಭಾವ ಅದಕ್ಕೆ ಕೀಲಿ ಕೊಡುತ್ತಿದ್ದರು. ಅವರು ಡ್ಯೂಟಿಯಲ್ಲಿದ್ದಾಗ ಪಕ್ಕದ ಮನೆಯ ಮುದುಕಿಯೊಬ್ಬರು ಅಕ್ಕನ ಜೊತೆ ಕೂರುತ್ತಿದ್ದರು, ಶಾಲೆ ಬಿಟ್ಟ ಮೇಲೆ ನಾನು.

ಮೊದಮೊದಲು ಎಡವಟ್ಟುಗಳೇ. ಬೆಳಕು ಮುಂದೆ ಹೋದ ಮೇಲೆ ಅಕ್ಕನ ಬೆರಳು ಒತ್ತುತ್ತಿತ್ತು, ನೀರು ಬೇಕಾದವರಿಗೆ ಕಾಫಿ ಬರುತ್ತಿತ್ತು. ಭಾವ ಒಳಗಿನ ಹಲ್ಲಿನ ಚಕ್ರ ಬದಲಿಸಿ ನಿಧಾನ ಮಾಡಿದರು. ಅತಿ ನಿಧಾನವಾಗಿ, ತನ್ನ ಸರದಿ ಬರುವಷ್ಟರಲ್ಲಿ ಅಕ್ಕನಿಗೆ ತೂಕಡಿಕೆ ಬಂತು. ಮತ್ತೆ ಬಿಚ್ಚಿದರು, ಮತ್ತೆ ಕೂಡಿಸಿದರು. ಕೊನೆಗೆ ಬೆಳಕಿಗೂ ಬೆರಳಿಗೂ ಹೊಂದಾಣಿಕೆಯಾಯಿತು. ಅಕ್ಕ ಮೊದಲ ಸಲ ಸರಿಯಾಗಿ ನೀರು ಕೇಳಿ, ನೀರೇ ಬಂದಾಗ, ಕುಡಿಯುವುದನ್ನು ಮರೆತು ಹಲಗೆಯನ್ನೇ ನೋಡುತ್ತಿದ್ದರು.

ಎಲ್ಲಾ ಸರಿಹೋಯಿತು ಅಂದುಕೊಂಡೆವು. ಆದರೆ ಸಾಲಿನ ಮೊಟ್ಟಮೊದಲ ಬಲ್ಬನ್ನು ಅಕ್ಕ ಒತ್ತಲೇ ಇಲ್ಲ.

ಅದು ಭಾವನನ್ನು ಕರೆಯುವ ಬಲ್ಬು. ಅದರ ಕೆಳಗೆ ಅವರು ತಮ್ಮ ಹೆಸರನ್ನು ಬರೆದಿದ್ದರು. ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಪ್ರತಿ ದೀಪದ ಕೆಳಗೂ ಆ ಲೈನಿನ ಗಿರಾಕಿಯ ಹೆಸರಿರುತ್ತದಂತೆ, ಅದೇ ರೂಢಿ. ಬೆಳಕು ಆ ಹೆಸರಿನ ಮೇಲೆ ಬಂದು, ನಿಂತು, ಮುಂದೆ ಹೋಗುತ್ತಿತ್ತು. ಅಕ್ಕನ ಬೆರಳು ಅಲುಗುತ್ತಿರಲಿಲ್ಲ. ನಾನು ಮನೆಯಲ್ಲಿದ್ದಾಗ ಮೇಷ್ಟ್ರಮ್ಮ ಎಂದು ಗಂಟೆ ಬಾರಿಸುತ್ತಿದ್ದರು. ನಾನಿಲ್ಲದಾಗ ನೋವು. ನೋವು ಎಂದು ಗಂಟೆಯಾದರೆ ಭಾವ ಹಿಂದಿನ ಕೋಣೆಯಿಂದ ಓಡಿ ಬಂದು ಎಲ್ಲಿ ನೋವು, ತಲೆಯಾ, ಬೆನ್ನಾ ಎಂದು ಕೇಳುತ್ತಿದ್ದರು. ಬೆರಳು ಸುಮ್ಮನೆ. ಮಾತ್ರೆ ನುಂಗಿಸುತ್ತಿದ್ದರು. ಡಾಕ್ಟರನ್ನು ಕರೆಸಿದರು, ಮಾತ್ರೆ ಹೆಚ್ಚಾಯಿತು, ಅಕ್ಕನಿಗೆ ಹಗಲೆಲ್ಲ ಮಂಪರು.

ಒಂದು ಸಂಜೆ ಭಾವ ನನ್ನ ಕೋಣೆಯ ಮೆಟ್ಟಿಲ ಮೇಲೆ ಬಂದು ಕೂತರು. ಅವರು ಹಾಗೆ ಬಂದು ಕೂರುವವರಲ್ಲ.

"ಅವಳಿಗೆ ನನ್ನ ಮೇಲೆ ಕೋಪ ಇದೆ ಮಿಸ್ಸೇ," ಅಂದರು.

ಯಾಕೆ ಹಾಗಂತೀರಿ ಭಾವ ಎಂದೆ.

"ಅವತ್ತು ಬೆಳಿಗ್ಗೆ ಬಿದ್ಲಲ್ಲ, ಬೀಳೋಕ್ ಮುಂಚೆ ಕೂಗಿರಬೇಕು. ನಾನು ಒಳಗೆ ತಂತಿ ಬೆಸೀತಾ ಕೂತಿದ್ದೆ. ಕೇಳಿಸ್ಲಿಲ್ವೋ, ಕೇಳಿಸಿಯೂ ಆಮೇಲೆ ಎದ್ರಾಯ್ತು ಅಂದ್ಕೊಂಡ್ನೋ... ಗ್ಯಾಪ್ಕ ಇಲ್ಲ. ನಿಮ್ಮನ್ನ ಕರೀತಾಳೆ. ಇರುವೆ ಬಂದ್ರೆ ಇರುವೆ ಅಂತಾಳೆ. ನನ್ನ ಮಾತ್ರ ಕರೆಯಲ್ಲ."

ಆ ಹೆಸರನ್ನು ಅಕ್ಕ ದಾಟಿಸಿ ಬಿಡುವುದನ್ನು ನಾನೂ ಕಣ್ಣಾರೆ ನೋಡಿದ್ದೆ. ಭಾವ ಪಂಚೆ ಕೊಡವಿಕೊಂಡು ಎದ್ದು ಹೋದರು. ಆಮೇಲೆ ಎಷ್ಟೋ ದಿನ ಅವರು ಹಿಂದಿನ ಕೋಣೆಗೆ ಕಾಲಿಡಲಿಲ್ಲ. ಮನೆಯಲ್ಲಿ ಆ ಹೊಗೆಯ ವಾಸನೆಯೂ ನಿಂತಿತು. ಅದಿಲ್ಲದ ಮನೆಗೆ ಕಾಲಿಟ್ಟರೆ ನನಗೆ ಸಂಕಟವಾಗುತ್ತಿತ್ತು.

ಆ ಸಮಯಕ್ಕೆ ನಮ್ಮವ್ವ ಕೊತ್ತತ್ತಿಯಿಂದ ಬಂದಳು, ನನಗೊಂದು ಗಂಡು ನೋಡಿದ್ದೇನೆಂದು ಹೇಳಲು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳದೆ ಇದ್ದಾಗ, ಅಕ್ಕನನ್ನಾದರೂ ನೋಡುತ್ತೇನೆಂದು ಒಳಗೆ ಹೋಗಿ ಮಂಚದ ಪಕ್ಕ ಕೂತಳು. ಬಲ್ಬುಗಳು ಹತ್ತಿ ಆರುವುದನ್ನು ಬಾಯಿಬಿಟ್ಟುಕೊಂಡು ನೋಡಿದಳು. ಅವ್ವನಿಗೆ ಓದು ಬರುತ್ತಿರಲಿಲ್ಲ. ಇದೇನು ಬರೆದದೆ, ಅದೇನು ಬರೆದದೆ ಎಂದು ಕೇಳುತ್ತ ಹೋದಳು, ನಾನು ಓದಿ ಹೇಳುತ್ತ ಹೋದೆ. ಮೊದಲನೆಯದಕ್ಕೆ ಬಂದಾಗ ಭಾವನ ಹೆಸರು ಹೇಳಿದೆ. ಅದನ್ನು ಮಾತ್ರ ಅಕ್ಕ ಒತ್ತುವುದಿಲ್ಲ, ಭಾವನಿಗೆ ಅದೇ ಕೊರಗು ಎಂದೂ ಮೆಲ್ಲಗೆ ಹೇಳಿದೆ.

ಅವ್ವ ಕೆನ್ನೆಗೆ ಕೈ ಹಚ್ಚಿಕೊಂಡಳು.

"ಅಯ್ಯೋ ನಿನ್ ಓದ್ಗಿಷ್ಟು ಬೆಂಕಿ ಆಕ! ಕಟ್ಕಂಡ್ ಗಂಡನ್ ಎಸ್ರು ಬರ್ದು, ಒತ್ತು ಅಂದ್ರೆ ಯಾವ ಎಂಗ್ಸು ಒತ್ತಾಳು ಕಣ್ಮಗ? ಬಾಯಿ ಬಿದ್ದೋದ್ರೆ ಮರ್ವಾದೆನೂ ಬಿದ್ದೋದದಾ?"

ನಾನು ತಿರುಗಿ ಅಕ್ಕನನ್ನು ನೋಡಿದೆ. ಅಕ್ಕನ ಬೆರಳು ಹಾಸಿಗೆಯನ್ನು ತಟ್ಟುತ್ತಿತ್ತು. ಒಂದು ಸಲವಲ್ಲ, ತಟ್ಟುತ್ತಲೇ ಇತ್ತು. ಮುಖವೆಲ್ಲ ಒದ್ದೆ.

ಗಂಡನ ಹೆಸರು ಹೇಳಬಾರದೆಂಬುದು ನಮಗಾರಿಗೂ ಗೊತ್ತಿಲ್ಲದ ಸಂಗತಿಯೇ? ನಮ್ಮವ್ವನ ಬಾಯಲ್ಲಿ ಅಪ್ಪನ ಹೆಸರನ್ನು ನಾನು ಒಮ್ಮೆಯೂ ಕೇಳಿದ್ದಿಲ್ಲ. ಓಟಿನ ಪಟ್ಟಿಯವರು ಬಂದರೆ ಅವ್ವ ನನ್ನನ್ನು ಮುಂದೆ ತಳ್ಳಿ ಹೇಳಿಸುತ್ತಿದ್ದಳು. ಆದರೆ ಇದು ಬಾಯಲ್ಲವಲ್ಲ, ಬಲ್ಬು ತಾನೇ ಎಂದುಕೊಂಡಿದ್ದೆವು ನಾವು. ಅಕ್ಕನಿಗೆ ಅದು ಬಾಯಿಯೇ ಆಗಿತ್ತು. ತಾನು ಒತ್ತಿದರೆ ತಾನು ಹೇಳಿದ ಹಾಗೆ. ಗಂಡ ಬಂದು ಹತ್ತಿರ ಕೂರಬೇಕು ಅನ್ನಿಸಿದಾಗಲೆಲ್ಲ, ಇಲ್ಲದ ನೋವನ್ನು ಒತ್ತಿ ಕರೆದಿದ್ದರು, ಬಂದ ಮಾತ್ರೆಯನ್ನು ಸುಮ್ಮನೆ ನುಂಗಿದ್ದರು. ಎಂಥ ಹೆಂಗಸಪ್ಪಾ ಅನ್ನಿಸಿ ನನಗೆ ಸಿಟ್ಟೂ ಬಂತು, ಎದೆಯೂ ಬಿರಿಯಿತು.

ಸಂಜೆ ಭಾವ ಬಂದಾಗ ನಾನೇ ಹೇಳಿದೆ. ಕೈಕಾಲು ಕೂಡ ತೊಳೆಯದೆ ಹಿಂದಿನ ಕೋಣೆಗೆ ಹೋಗಿ ಪಟ್ಟಿ, ಕುಂಚ, ಕಪ್ಪು ಬಣ್ಣ ತಂದರು. ತಮ್ಮ ಹೆಸರನ್ನು ಉಗುರಿನಿಂದ ಕೆರೆದು ತೆಗೆದು, ಅಲ್ಲಿ ಹೊಸ ಪಟ್ಟಿ ಹಚ್ಚಿ ಬರೆದರು: ಏನೂಂದ್ರೆ.

ಬಣ್ಣ ಒಣಗಿರಲಿಲ್ಲ. ಅವರು ಕುಂಚ ತೊಳೆಯಲು ಹಿತ್ತಲಿಗೆ ಹೋಗಿದ್ದರು. ಗಂಟೆ ಬಾರಿಸಿತು. ನಾನು ಬಾಗಿಲಲ್ಲೇ ನಿಂತಿದ್ದೆ. ಭಾವ ಕುಂಚ ಹಿಡಿದುಕೊಂಡೇ ಓಡಿ ಬಂದು, "ಏನೇ?" ಅಂದರು. ಅಕ್ಕನಿಗೆ ಏನೂ ಬೇಕಿರಲಿಲ್ಲ. ಭಾವ ಮಂಚದ ಪಕ್ಕ ನೆಲದ ಮೇಲೆ ಕೂತು, ಹಾಸಿಗೆಗೆ ಹಣೆ ಆನಿಸಿ, ದೊಡ್ಡ ದನಿ ತೆಗೆದು ಅತ್ತರು. ಅಕ್ಕನ ಬೆರಳುಗಳು ನಿಧಾನವಾಗಿ ತೆವಳಿಕೊಂಡು ಹೋಗಿ ಅವರ ತಲೆಗೂದಲನ್ನು ಹಿಡಿದವು. ನಾನು ಅವ್ವನನ್ನು ಕರೆದುಕೊಂಡು ಆಚೆ ಬಂದುಬಿಟ್ಟೆ.

ಆಮೇಲಿನ ದಿನಗಳು ಒಳ್ಳೆಯ ದಿನಗಳು. ಮಾತ್ರೆ ನಿಂತಿತು, ಮಂಪರು ಹೋಯಿತು. ಮನೆಯಲ್ಲಿ ಮತ್ತೆ ಏನೂಂದ್ರೆ ಶುರುವಾಯಿತು, ಗಂಟೆಯ ದನಿಯಲ್ಲಿ. ಬೆಕ್ಕು ಬಂದರೆ ಏನೂಂದ್ರೆ, ಸೆರಗು ಜಾರಿದರೆ ಏನೂಂದ್ರೆ, ಭಾವ ತಂತಿ ಬೆಸೆಯುತ್ತ ಬಹಳ ಹೊತ್ತು ಒಳಗೇ ಕೂತರೆ ಏನೂಂದ್ರೆ. "ಮಾತು ಬರ್ತಿದ್ದಾಗಲೇ ವಾಸಿ ಇತ್ತು ಮಿಸ್ಸೇ, ಉಸಿರು ಎಳ್ಕೊಳೋಕಾದ್ರೂ ನಿಲ್ಲಿಸ್ತಿದ್ಲು," ಎಂದು ನನ್ನ ಮುಂದೆ ಗೊಣಗುತ್ತ ಹೋಗುತ್ತಿದ್ದರು. ಗೊಣಗುವಾಗ ಅವರ ಮುಖ ನೋಡಬೇಕಿತ್ತು. ಹಲಗೆಗೆ ಹೊಸ ಮಾತುಗಳೂ ಬಂದವು. ಅಕ್ಕನಿಗೆ ಬೇಕಾದ ಮಾತು ಯಾವುದೆಂದು ಭಾವ ಈಗ ಅವರನ್ನೇ ಕೇಳಿ, ಬೆರಳು ತಟ್ಟಿದ ಮೇಲಷ್ಟೇ ಬರೆಯುತ್ತಿದ್ದರು. ಹಾಗೆ ಬಂದದ್ದರಲ್ಲಿ ಒಂದು, ಸುಮ್ನಿರಿ. ಅದನ್ನು ಅಕ್ಕ ಧಾರಾಳವಾಗಿ ಬಳಸಿದರು.

ಸೋಮನಹಳ್ಳಿಯ ಹತ್ತಿರ ಲೈನು ಕೆಟ್ಟಿದೆಯೆಂದು ಒಂದು ಬೆಳಿಗ್ಗೆ ಭಾವ ಹೋದರು. ರಸ್ತೆಯ ಬದಿಯಲ್ಲಿ, ಕಂಬದ ನೆರಳಿನಲ್ಲಿ, ಎದೆ ಹಿಡಿದುಕೊಂಡು ಕೂತರಂತೆ. ಜೊತೆಯವರು ನೀರು ತರುವಷ್ಟರಲ್ಲಿ ಆಗಿಹೋಗಿತ್ತು.

ನಡುಮನೆಯಲ್ಲಿ ಮಲಗಿಸಿದ್ದರು. ಅಕ್ಕನನ್ನು ಹೊತ್ತುಕೊಂಡು ಬಂದು ಮುಖ ತೋರಿಸಿ, ಮತ್ತೆ ಒಳಗೆ ಕರೆದೊಯ್ದು ಮಂಚದ ಮೇಲೆ ಮಲಗಿಸಿದರು. ಜನ ತುಂಬಿದ್ದರು. ಅಕ್ಕನ ಅಣ್ಣ ಮಳವಳ್ಳಿಯ ಕಡೆಯಿಂದ, ನಮ್ಮವ್ವ ಕೊತ್ತತ್ತಿಯಿಂದ ಬಂದಿದ್ದರು. ಒಳಗಿನಿಂದ ಗಂಟೆ ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗಂಟೆ. ನಾನು ಒಳಗೆ ಹೋಗಿ ನೋಡಿದೆ. ಮೊದಲ ಬಲ್ಬು ಉರಿಯುತ್ತಿತ್ತು. ಅಕ್ಕ ಹಲಗೆಯ ಕಡೆ ನೋಡುತ್ತಲೂ ಇರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದರು. ಬೆಳಕು ಒಂದು ಸುತ್ತು ಹೋಗಿ ಬರುವುದು ಅವರ ಬೆರಳಿಗೆ ಅಷ್ಟು ಚೆನ್ನಾಗಿ ಗೊತ್ತಾಗಿಬಿಟ್ಟಿತ್ತು.

"ಯಾರಾರಾ ಅದ್ನ ನಿಲ್ಸ್ರಪ್ಪಾ, ಕೇಳಕಾಗಕಿಲ್ಲ," ಅಂದರು ಹೊರಗಿದ್ದ ಹಿರಿಯರೊಬ್ಬರು.

"ನಿಲ್ಸದ್ಯಾಕೆ? ಕರೀತಾವ್ಳೆ, ಕರೀಲಿ ಬುಡಿ," ಅಂದಳು ಅವ್ವ. ಹೆಣ ಎತ್ತುವವರೆಗೂ ಗಂಟೆ ಬಾರಿಸುತ್ತಿತ್ತು... ಎತ್ತಿದ ಮೇಲೂ.

ಮಾರನೆಯ ಬೆಳಿಗ್ಗೆ ಹಲಗೆ ನಿಂತುಹೋಗಿತ್ತು. ಕೀಲಿ ಕೊಡುವವರು ಅವರೊಬ್ಬರೇ ಆಗಿದ್ದರು. ನಾನು ಹುಡುಕಿ ಕೀಲಿ ಕೊಟ್ಟೆ. ಅಕ್ಕನ ಅಣ್ಣ ಅವರನ್ನು ಊರಿಗೆ ಕರೆದುಕೊಂಡು ಹೋಗುವವರೆಗೂ ದಿನಾ ಕೊಟ್ಟೆ. ಹಲಗೆಯನ್ನೂ ತೆಗೆದುಕೊಂಡು ಹೋಗಬೇಕೆಂದು ಹಟ ಹಿಡಿದೆ. ಅವರೂ ಬೇಡ ಅನ್ನಲಿಲ್ಲ, ಮಂಚದ ಜೊತೆ ಲಾರಿಗೆ ಹಾಕಿಸಿದರು. ಅಕ್ಕನನ್ನು ಬಾಡಿಗೆ ಕಾರಿನಲ್ಲಿ ಮಲಗಿಸಿದರು. ಹೋಗುವಾಗ ಅಕ್ಕ ನನಗೆ ಏನೋ ಹೇಳಬೇಕೆಂದು ನೋಡಿದರು. ಹಲಗೆ ಲಾರಿಯಲ್ಲಿತ್ತು.

ಮುಂದಿನ ಬೇಸಿಗೆ ರಜದಲ್ಲಿ ನಾನು ಹೋದೆ. ಮಳವಳ್ಳಿಯಲ್ಲಿ ಬಸ್ಸಿಳಿದು, ಇನ್ನೊಂದು ಬಸ್ಸು ಹತ್ತಿ, ಒಂದು ಹಳ್ಳಿ. ಅಕ್ಕನನ್ನು ಚೆನ್ನಾಗಿಯೇ ನೋಡಿಕೊಂಡಿದ್ದರು. ಹಾಸಿಗೆ ಶುಭ್ರವಾಗಿತ್ತು, ತಲೆ ಬಾಚಿತ್ತು. ಹಣೆ ಮಾತ್ರ ಬೋಳು. ಹಲಗೆಯನ್ನು ಎದುರಿಗೇ ಗೋಡೆಗೆ ನೇತುಹಾಕಿದ್ದರು, ಆದರೆ ಬಲ್ಬುಗಳು ಆರಿಹೋಗಿದ್ದವು. ಲಾರಿಯ ಕುಲುಕಾಟಕ್ಕೆ ಒಳಗೆ ಏನೋ ಮುರಿದಿತ್ತಂತೆ. ಮಳವಳ್ಳಿಯಿಂದ ರೇಡಿಯೊ ರಿಪೇರಿಯವನನ್ನು ಕರೆತಂದರೆ ಅವನು ಹಿಂದೆ ಮುಂದೆ ನೋಡಿ, ಇದನ್ನು ಮಾಡಿದವರನ್ನೇ ಕರೆಸಿ ಎಂದು ಹೇಳಿ ಹೋಗಿದ್ದ.

ಅಕ್ಕನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಗಟ್ಟಿಗಿತ್ತಿ. ಯಂತ್ರ ಕೆಟ್ಟರೇನಂತೆ ಎಂದು ತಾನೇ ಹಲಗೆಯ ಮುಂದೆ ನಿಂತು, ಬೆಳಕು ಹೋಗುತ್ತಿದ್ದ ಹಾಗೆಯೇ ಒಂದೊಂದು ಪಟ್ಟಿಯ ಮೇಲೂ ಬೆರಳಿಟ್ಟು ಮುಂದೆ ಹೋಗುತ್ತಿದ್ದರು. ಆಕೆಗೆ ಅಕ್ಷರ ಬರುತ್ತಿರಲಿಲ್ಲ, ಯಾವ ಪಟ್ಟಿ ಯಾವ ಮಾತು ಎಂದು ಗಂಡನಿಂದ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಬೇಕಾದ ಮಾತಿಗೆ ಅಕ್ಕ ಹಾಸಿಗೆ ತಟ್ಟುತ್ತಿದ್ದರು. ನನ್ನ ಕಣ್ಣೆದುರೇ ನೀರು ಕೇಳಿ ಕುಡಿದರು, ಕಿಟಕಿ ತೆಗೆಸಿಕೊಂಡರು. ಮೇ ತಿಂಗಳ ಸೆಕೆಯಲ್ಲಿ ಆಕೆ ಅಷ್ಟು ಹೊತ್ತು ನಿಂತು ಬೆರಳಾಡಿಸುವುದನ್ನು ನೋಡಿ ಆಕೆಯ ಕಾಲಿಗೆ ಬೀಳಬೇಕು ಅನ್ನಿಸಿತು.

ಆದರೆ ಮೊದಲ ಪಟ್ಟಿಯ ಮೇಲೆ ಬಿಳಿ ಕಾಗದ ಅಂಟಿಸಿದ್ದರು. ಆಕೆಯ ಬೆರಳು ಎರಡನೆಯದರಿಂದಲೇ ಶುರುವಾಗುತ್ತಿತ್ತು.

ನಾನು ಅದನ್ನೇ ನೋಡುತ್ತಿದ್ದುದು ಕಂಡು ಆಕೆ ನನ್ನನ್ನು ಪಕ್ಕಕ್ಕೆ ಕರೆದರು. "ಅಲ್ಲಿ ಬೆಳ್ಳು ಇಕ್ದಾಗೆಲ್ಲ ತಟ್ಟೋಳು ಕಣಮ್ಮ. ತಟ್ಟೋಳು, ಬಾಗ್ಲು ನೋಡೋಳು, ಅಳೋಳು. ಯಾರ್ನ ತಂದ್ ನಿಲ್ಸಾನ ಯೇಳು? ನೋಡಕಾಗ್ನಿಲ್ಲ, ಮುಚ್ಬುಟ್ಟೆ."

ಅವರು ಮಾಡಿದ್ದು ತಪ್ಪು ಅನ್ನುವಂತಿರಲಿಲ್ಲ. ಕಾಫಿ ಕಾಯಿಸಲು ಅವರು ಒಲೆಯ ಕಡೆ ಹೋದಾಗ ನಾನು ಹಲಗೆಯ ಮುಂದೆ ನಿಂತೆ. ಏನು ಬೇಕಕ್ಕ ಎಂದು ಬೆರಳಿಡುತ್ತ ಹೋದೆ. ನೀರು, ಕಾಫಿ, ಊಟ, ನೋವು, ಹೊದಿಕೆ. ನನ್ನ ಹೆಸರಿನ ಮೇಲೂ ಇಟ್ಟೆ. ಅಕ್ಕ ತಟ್ಟಲಿಲ್ಲ. ಕಣ್ಣು ಮಾತ್ರ ಸಾಲಿನ ತುದಿಗೆ, ಆ ಬಿಳಿ ಕಾಗದಕ್ಕೆ ಹೋಯಿತು. ಇಡಬಾರದು, ಇಡಬಾರದು ಅಂದುಕೊಳ್ಳುತ್ತಲೇ ನಾನು ಅದರ ಮೇಲೆ ಬೆರಳಿಟ್ಟೆ.

ಅಕ್ಕ ತಟ್ಟಿದರು. ನಾನು ಬೆರಳು ತೆಗೆಯಲಿಲ್ಲ. ಅವರು ತಟ್ಟುತ್ತಲೇ ಇದ್ದರು. ಈ ಸಲ ಬಾಗಿಲ ಕಡೆ ನೋಡಲಿಲ್ಲ. ಬರುವುದಿಲ್ಲ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಬರಲೆಂದು ಕರೆಯುತ್ತಿರಲಿಲ್ಲ, ಕರೆಯಬೇಕಿತ್ತು, ಅಷ್ಟೇ.

ಹಿಂದೆ ತಿರುಗಿ ನೋಡಿದರೆ ಅತ್ತಿಗೆ ಕಾಫಿ ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ಲೋಟ ಕೆಳಗಿಟ್ಟು, ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ತಂದು, ಆ ಕಾಗದವನ್ನು ನೆನೆಸಿ ನೆನೆಸಿ ಉಜ್ಜಿ ತೆಗೆದರು. ಕೆಳಗಿನ ಕಪ್ಪು ಅಕ್ಷರಗಳು ಸ್ವಲ್ಪವೂ ಮಾಸಿರಲಿಲ್ಲ. "ಅತ್ಕಂಡ್ರೆ ಅತ್ಕಳ್ಲಿ ಬುಡು," ಅಂದರು ಮೂಗು ಒರೆಸಿಕೊಳ್ಳುತ್ತ, "ನಾ ದಿನಾ ಇಕ್ತೀನಿ ಬೆಳ್ಳ."

ದಿನಾ ಇಟ್ಟರು ಅಂತಲೇ ಕೇಳಿದೆ. ಅಕ್ಕ ಮುಂದಿನ ಮಳೆಗಾಲ ದಾಟಲಿಲ್ಲ. ನನಗೆ ಸುದ್ದಿ ತಲಪಿದ್ದು ತಿಥಿಯೆಲ್ಲ ಮುಗಿದ ಮೇಲೆ. ಹಲಗೆ ಏನಾಯಿತೋ ಕೇಳಲಿಲ್ಲ, ಕೇಳಿದ್ದರೆ ಸೌದೆಗೆ ಹೋಯಿತು ಅನ್ನುತ್ತಿದ್ದರೇನೋ... ಅದನ್ನು ಕೇಳಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಅಂಗಡಿಯಾತ ಫೋನು ಸರಿಮಾಡಿ ಕೊಟ್ಟ. ಮನೆಗೆ ಬಂದು ಇದನ್ನು ಬರೆಯಲು ಕೂತೆ. ಅಂಥ ಮನುಷ್ಯನ ಹೆಸರು ನಾಲ್ಕು ಜನರಿಗೆ ತಿಳಿಯಬೇಕು, ಊರಲ್ಲಿ ಈಗ ಅವರನ್ನು ಬಲ್ಲವರು ಯಾರೂ ಉಳಿದಿಲ್ಲ ಎಂದುಕೊಂಡೇ ಶುರುಮಾಡಿದ್ದು. ಅವರ ಹೆಸರು ನನಗೆ ಚೆನ್ನಾಗಿ ನೆನಪಿದೆ. ಬರೆಯಲು ಹೋದಾಗಲೆಲ್ಲ, ಆ ಹೆಸರಿನ ಮೇಲೆ ಬೆಳಕು ಬಂದು ನಿಂತಾಗ ಅಲುಗದೆ ಇದ್ದ ಬೆರಳು ಕಾಣಿಸುತ್ತದೆ. ಅಕ್ಕ ಕೊನೆಯವರೆಗೂ ಹೇಳದ ಹೆಸರು ಅದು. ನನ್ನ ಕೈಯಲ್ಲೂ ಬರೆಯಲಾಗಲಿಲ್ಲ.